ಆರನೇ ಹಾಸಿಗೆಯ ಖಾಲಿ ತಾಟು

ಅಥಣಿಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ದಾದಿಯಾಗಿದ್ದ ಶಿರಗುಪ್ಪಿಯ ಸುಂದರಾಬಾಯಿಯವರ ಸಿಟ್ಟು ಊರಿಗೆಲ್ಲ ಪರಿಚಿತವಾಗಿತ್ತು. ಸೋಮವಾರ ಸಂಜೆ ನನ್ನ ಪ್ರವಚನಕ್ಕೆ ತಪ್ಪದೆ ಬರುತ್ತಿದ್ದ ಆ ತಾಯಿ, ಮಾತು ಹತ್ತು ನಿಮಿಷ ಹೆಚ್ಚಾದರೆ ಎದುರಿಗೇ ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವರಿಗೆ ಹೊತ್ತೇ ಧರ್ಮ. ಬೆಳಿಗ್ಗೆ ಏಳಕ್ಕೆ ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಸೂಜಿ, ಏಳೂವರೆಗೆ ಉಪ್ಪಿಟ್ಟು. ಹನ್ನೆರಡು ಹಾಸಿಗೆಗೂ ಅದೇ ಕ್ರಮ.

೧೯೯೩ರ ಶ್ರಾವಣದಲ್ಲಿ ಆರನೇ ಹಾಸಿಗೆಗೆ ತೆಲಸಂಗದ ಚನ್ನವ್ವ ಬಂದಳು. ಸಕ್ಕರೆ ಕಾಯಿಲೆಯಿಂದ ಆ ಮುದುಕಿಯ ಬಲಗಾಲಿನ ಹುಣ್ಣು ಮಾಯುತ್ತಿರಲಿಲ್ಲ. ಸಕ್ಕರೆ ಹತೋಟಿಗೆ ಬಾರದಿದ್ದರೆ ಪಾದವನ್ನೇ ತೆಗೆಯಬೇಕಾದೀತೆಂದು ಡಾಕ್ಟರು ಹೇಳಿದ್ದರು. ಸೂಜಿ ಶುರುವಾದ ಮೂರನೆಯ ದಿನ, ಎಂಟೂವರೆಗೆ, ಚನ್ನವ್ವ ಬೆವತು ನಡುಗಿ ಎಚ್ಚರ ತಪ್ಪಿದಳು. ಸೂಜಿಯ ಮೇಲೆ ಉಣ್ಣದವರಿಗೆ ಆಗುವಂತೆ ರಕ್ತದ ಸಕ್ಕರೆ ತೀರ ಕುಸಿದಿತ್ತು; ಗ್ಲೂಕೋಸು ಏರಿಸಿ ಉಳಿಸಿಕೊಂಡರು. ಐದನೆಯ ದಿನ ಮತ್ತೆ ಹಾಗೆಯೇ ಆಯಿತು. ಡಾಕ್ಟರು ಹೆದರಿ ಇನ್ಸುಲಿನ್ ಇಳಿಸಿದರು. ಸಕ್ಕರೆ ಏರಿತು, ಹುಣ್ಣು ಕಪ್ಪಾಗತೊಡಗಿತು.

"ಆಯಿ, ನಾಷ್ಟಾ ಆತೇನು?" ಎಂದು ಸುಂದರಾಬಾಯಿ ಕೇಳಿದರು.

"ಹೌದ್ರಿ ಬಾಯಾರ. ತಾಟ ನೋಡ್ರಿ, ಖಾಲಿ ಐತಿ."

ತಾಟು ಖಾಲಿಯೇ ಇತ್ತು. "ತಿಂತಾಳ, ಮತ್ತ ಬೀಳ್ತಾಳ. ನನಗ ಹುಚ್ಚ ಹಿಡಸಾಕ ಬಂದಾಳ ಈ ಮುದಕಿ" ಎಂದು ಸುಂದರಾಬಾಯಿ ಡಾಕ್ಟರ ಮುಂದೆ ಗೊಣಗಿದರು.

ಅದೇ ವಾರ ಒಂದು ಪ್ರಶ್ನೆಪತ್ರಿಕೆ ಬಂತು. ರೋಗಿಯ ರೂಢಿ, ಇಷ್ಟ ಅರಿತು ಆರೈಕೆ ನಡೆದಿದೆಯೇ ಎಂದು ಹಲವು ದೇಶಗಳ ಆಸ್ಪತ್ರೆಗಳಲ್ಲಿ ರೋಗಿಗೂ ದಾದಿಗೂ ಬೇರೆಬೇರೆಯಾಗಿ ಕೇಳಿ ಹೋಲಿಸುವ ಕೆಲಸವಂತೆ. ಸುಂದರಾಬಾಯಿ ತಮ್ಮ ಹಾಳೆಯಲ್ಲಿ ಎಲ್ಲದಕ್ಕೂ 'ಯಾವಾಗಲೂ' ಎಂಬಲ್ಲಿ ಗುರುತು ಹಾಕಿದರು. ಓದು ಬಾರದ ಚನ್ನವ್ವನಿಗೆ ತಾವೇ ಓದಿ ಹೇಳತೊಡಗಿದರು.

"ನೋವು ಐತೇನಂತ ಕೇಳ್ಯಾರ?"

"ಹೌದ್ರಿ."

"ಮನ್ಯಾಗ ನಿನ್ನ ದಿನಾ ಹೆಂಗ ನಡೀತೈತಿ ಅಂತ ಕೇಳ್ಯಾರ?"

"ಹೌದ್ರಿ."

ಸುಂದರಾಬಾಯಿಗೆ ರೇಗಿತು. "ಯಾರ ಕೇಳ್ಯಾರ? ನಾ ಅಂತೂ ಕೇಳಿಲ್ಲ."

"ಈಗ ನೀವ ಕೇಳಿದ್ರಲ್ರಿ."

"ಹಂಗಾರ ಹೇಳು. ಎದ್ದ ಕೂಡಲೆ ಏನ ಮಾಡ್ತಿ?"

"ಜಳಕ, ಲಿಂಗಪೂಜಿ. ಪೂಜಿ ಆಗೂಮಟಾ ಹನಿ ನೀರ ಸುದ್ದಾ ಬಾಯಾಗ ಹಾಕಂಗಿಲ್ರಿ."

"ಇಲ್ಲಿ ಜಳಕ ಯಾವಾಗ?"

"ಒಂಬತ್ತಕ್ಕ ಬಿಸಿನೀರ ಕೊಡ್ತಾರಲ್ರಿ, ಆಮ್ಯಾಲ."

"ಮತ್ತ ಉಪ್ಪಿಟ್ಟು?"

"ಚೆಲ್ಲಬಾರದಂತ ಸೊಸಿ ಲಕ್ಕವ್ವ ತಿಂತಾಳ್ರಿ. ಚೊಲೋ ಮಾಡ್ತಾರಂತ ಹೇಳ್ಯಾಳ."

"ಇಷ್ಟ ದಿನಾ ಹೇಳಾಕ ಬಾಯಿ ಇದ್ದಿಲ್ಲ?"

"ನೀವು ಗಡಿಬಿಡ್ಯಾಗ ಬರ್ತೀರಿ. ನಿಮಗ್ಯಾಕ ತ್ರಾಸ ಕೊಡೂದಂತ ಸುಮ್ಮನಿದ್ನಿ."

ಸುಂದರಾಬಾಯಿ ಅಂದೇ ಸಂಜೆ ನನ್ನ ಮನೆಗೆ ಬಂದರು, ಕೂರಲಿಲ್ಲ. "ಅಣ್ಣಾರ, ಪೂಜಿ ಇಲ್ಲದ ಉಣಬ್ಯಾಡ್ರಿ ಅಂತ ತೆಲಸಂಗದ ಪ್ರವಚನದಾಗ ನೀವ ಹೇಳಿದ್ರಂತ, ಚನ್ನವ್ವ ಅಂದ್ಲು. ಸೂಜಿ ಚುಚ್ಚಿಸಿಕೊಂಡಾಕಿ ಏನ ಮಾಡಬೇಕಂತ ಹೇಳಿದ್ರೇನು?"

ನಾನು ಹೇಳಿರಲಿಲ್ಲ. ಸಾವಿರ ಜನಕ್ಕೆ ಒಂದೇ ಮಾತು ಹೇಳಿ ಎದ್ದು ಬಂದಿದ್ದೆ. ಪರಮಾತ್ಮನು ಒಬ್ಬೊಬ್ಬರ ಬೆರಳಿಗೂ ಬೇರೆ ಗೆರೆ ಬರೆದು ಕಳಿಸುತ್ತಾನೆ. ಅವನ ಸೇವಕರೆನ್ನುವ ನಾವು ಸಾಲು ನೋಡಿ ಎಲ್ಲರಿಗೂ ಒಂದೇ ಬಡಿಸುತ್ತೇವೆ.

ಮರುದಿನ ಆರಕ್ಕೇ ಅಡುಗೆಮನೆಯಿಂದ ಬಿಸಿನೀರು ಬಂತು. ಚನ್ನವ್ವ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡ ಮೇಲೆ ಸೂಜಿ. ಅರ್ಧ ತಾಸಿಗೆ ಉಪ್ಪಿಟ್ಟು, ಸುಂದರಾಬಾಯಿಯವರ ಕಣ್ಣೆದುರು. ಡಾಕ್ಟರು ಔಷಧ ಏರಿಸಿದರು. ಎರಡು ಕಾಲ್ಬೆರಳು ಹೋದವು, ಪಾದ ಉಳಿಯಿತು.

ಸುಂದರಾಬಾಯಿ ತಮ್ಮ ಹಾಳೆಯಲ್ಲಿ 'ಯಾವಾಗಲೂ' ಎಂಬಲ್ಲಿ ಹಾಕಿದ್ದ ಗುರುತನ್ನು ಹೊಡೆದುಹಾಕಿದ್ದರು. ಪ್ರಶ್ನೆಪತ್ರಿಕೆ ಒಯ್ಯಲು ಬಂದವರು, ಗುರುತು ಹೊಡೆದುಹಾಕಿದ ಹಾಳೆ ನಡೆಯುವುದಿಲ್ಲ, ಬೇರೆಯದು ತುಂಬಿರಿ ಎಂದರು. "ಇದನ್ನ ಒಯ್ರಿ. ತಪ್ಪಿದ್ದೂ ಕಾಣಲಿ" ಎಂದು ಸುಂದರಾಬಾಯಿ ಅದನ್ನೇ ಕೊಟ್ಟರು. ಅಂದಿನಿಂದ ಹನ್ನೆರಡೂ ಹಾಸಿಗೆಯವರನ್ನು ಕೇಳತೊಡಗಿ ಇನ್ನಷ್ಟು ಸಿಟ್ಟಾದರು. "ಒಬ್ಬಾಕಿಗೆ ಚಹಾ ಇಲ್ಲದ ಗುಳಗಿ ಇಳಿಯಂಗಿಲ್ಲ, ಇನ್ನೊಬ್ಬಾಕಿದು ಸೋಮವಾರ ಒಪ್ಪತ್ತು. ಕೇಳಿದ್ದ ತಪ್ಪಾತ್ರಿ, ಅಣ್ಣಾರ." ಆದರೂ ಕೇಳುವುದನ್ನು ಬಿಡಲಿಲ್ಲ.

ಚನ್ನವ್ವ ಕೋಲೂರಿ ಊರಿಗೆ ಹೊರಟ ದಿನ ನಾನೂ ಅಲ್ಲಿದ್ದೆ.

"ಆಯಿ, ಮನ್ಯಾಗೂ ಹಿಂಗ ಮಾಡಬೇಕ ನೋಡು."

"ಹೌದ್ರಿ ಬಾಯಾರ."

ಸುಂದರಾಬಾಯಿ ಬಾಗಿಲಿಗೆ ಅಡ್ಡ ನಿಂತರು. "ಆ ಹೌದು ನನಗ ಬ್ಯಾಡ. ಏನ ಮಾಡ್ತಿ, ಬಾಯಿಬಿಟ್ಟ ಹೇಳು."

"ಜಳಕ. ಪೂಜಿ. ಸೂಜಿ. ಅರ್ಧಾ ತಾಸಿನ್ಯಾಗ ರೊಟ್ಟಿ."

"ರೊಟ್ಟಿ ಯಾರ ತಿನ್ನಾಕಿ?"

"ನಾನ್ರಿ" ಎಂದಳು ಚನ್ನವ್ವ, ಸೊಸೆಯ ಕಡೆ ನೋಡುತ್ತ.

ಆಮೇಲೆ ಸುಂದರಾಬಾಯಿ ದಾರಿ ಬಿಟ್ಟರು.