ಎಲ್ಲಿಗೂ ಅಲ್ಲದ ನಡಿಗೆ

ಬೆಳ್ಳಾರೆ ಪೇಟೆಯಲ್ಲಿ ಹದಿನೆಂಟು ವರ್ಷ ಹೊಲಿಗೆ ಮೆಷಿನಿನ ಮುಂದೆ ಕೂತ ಮೇಲೆ ನನ್ನ ಪಾದಗಳು ಜೋಮು ಹಿಡಿಯತೊಡಗಿದವು. ಒಂದು ಸಂಜೆ ಎಡಗಾಲಿನ ಚಪ್ಪಲಿ ಕಳಚಿದ್ದೇ ತಿಳಿಯದೆ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕೂತವಳು ಹೇಳಿದ ಮೇಲೆಯೇ ಗೊತ್ತಾದದ್ದು.

ಪುತ್ತೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಬಿ12 ವಿಟಮಿನ್ ತೀರಾ ಕಡಿಮೆಯಿತ್ತು. ಇಂಜೆಕ್ಷನ್ ಬರೆದುಕೊಟ್ಟು, "ಇದೊಂದೇ ಸಾಲುದಿಲ್ಲ. ಇಡೀ ದಿನ ಕೂತ್ರೆ ಕಾಲಲ್ಲಿ ರಕ್ತ ಸರಿಯಾಗಿ ಓಡುದು ಹೇಗೆ? ದಿನಾ ನಡೀರಿ," ಎಂದರು.

ಮರುದಿನ ಬೆಳಿಗ್ಗೆ ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಕೆಲಸ ಇಲ್ಲದೆ ಹೆಂಗಸರು ರಸ್ತೆಯಲ್ಲಿ ತಿರುಗುದೆಂತಕ್ಕೆ? ನಡೀಲೇಬೇಕಾದ್ರೆ ಅಂಗಳ ಗುಡಿಸು."

"ಅಂಗಳ ದಿನಾ ಗುಡಿಸ್ತೇನೆ ಅತ್ತೆ. ಅದ್ರಿಂದ ಕಾಲಿಗೆ ಜೀವ ಬರ್ಲಿಲ್ಲ."

ಮದುವೆಯಾದ ಮೇಲೆ ಅವರಿಗೆ ಎದುರಾಡಿದ್ದು ಅದೇ ಮೊದಲು. ಅವರ ಪಕ್ಕದಿಂದ ಸರಿದು ಮೆಟ್ಟಿಲಿಳಿದೆ.

ಪಂಜದ ಕಡೆಯ ರಸ್ತೆಯಲ್ಲಿ ಪರಿಚಯದವರೊಬ್ಬರು ಜೀಪು ನಿಲ್ಲಿಸಿದರು. "ಎಲ್ಲಿಗೆ ಮಾರಾಯ್ರೆ? ಹತ್ತಿ, ಬಿಡ್ತೇನೆ."

"ಎಲ್ಲಿಗೂ ಇಲ್ಲ. ಸುಮ್ಮನೆ ನಡೀತಿದ್ದೇನೆ."

ಅವರು ನಂಬಲಿಲ್ಲ. ನಾನು ಜಗಳವಾಡಿ ಮನೆಬಿಟ್ಟೆನೆಂದು ಸಂಜೆಯೊಳಗೆ ಪೇಟೆಯಲ್ಲಿ ಸುದ್ದಿಯಾಯಿತು. ಮರುದಿನ ಇನ್ನೂ ದೂರ ನಡೆದೆ, ಬೇಕೆಂದೇ ಪೇಟೆಯ ನಡುವಿನಿಂದ.

ಕೆಲವು ತಿಂಗಳಲ್ಲಿ ಜೋಮು ಬಹುಪಾಲು ಇಳಿಯಿತು. ಅತ್ತೆಯ ಸಿಟ್ಟು ಇಳಿದಿಲ್ಲ. ನಾನು ಹೊರಡುವ ಹೊತ್ತಿಗೆ ಈಗಲೂ ಮುಖ ತಿರುಗಿಸುತ್ತಾರೆ. ನಾನೂ ಕದ್ದು ಹೋಗುವುದಿಲ್ಲ. "ನಡೀಲಿಕ್ಕೆ ಹೋಗ್ತೇನೆ," ಎಂದು ನೆರೆಮನೆಗೂ ಕೇಳುವ ಹಾಗೆ ಹೇಳಿಯೇ ಹೊರಡುತ್ತೇನೆ.