ನಾಲ್ಕು ಬೆರಳಿನ ಕೈ

ಕಾರ್ಟೂನು ಪ್ರಾಣಿಗಳಲ್ಲಿ ಬಹುಪಾಲಿಗೆ ಕೈಯಲ್ಲಿ ನಾಲ್ಕೇ ಬೆರಳು ಎಂಬ ಘನಸತ್ಯವನ್ನು ಅರವತ್ತಾರು ವರ್ಷ ಬದುಕಿದ ಮೇಲೆ ಗಮನಿಸಿದ ಮಹಾಪುರುಷ ನಾನು. ನಂಬಿಕೆಯಿಲ್ಲದಿದ್ದರೆ ಮೊಮ್ಮಕ್ಕಳ ಪುಸ್ತಕ ತೆರೆದು ನೀವೇ ಎಣಿಸಿ ನೋಡಿ. ಇಲಿಗೂ ಬೆಕ್ಕಿಗೂ ಜನ್ಮಾಂತರದ ವೈರವಿದ್ದರೂ ಈ ಒಂದು ವಿಷಯದಲ್ಲಿ ಅಪೂರ್ವ ಒಮ್ಮತವಿದೆ.

ಈ ವಯಸ್ಸಿನಲ್ಲಿ ನನಗೆ ಚಿತ್ರಕಲೆಯ ಹುಚ್ಚು ಹಿಡಿದದ್ದು ವಿನೋದಕ್ಕಲ್ಲ. ಹೋದ ವರ್ಷ ನನ್ನ ಹೆಂಡತಿ ಸರೋಜ ತೀರಿಕೊಂಡಳು. ಮನೆಯಲ್ಲಿರುವ ಅವಳ ಫೋಟೋಗಳಲ್ಲೆಲ್ಲ ತುಟಿ ಬಿಗಿದ ಗಾಂಭೀರ್ಯ. ನಗು ಒಂದರಲ್ಲೂ ಇಲ್ಲ. ಅದನ್ನಾದರೂ ಕಾಗದದ ಮೇಲೆ ಉಳಿಸಿಕೊಳ್ಳೋಣವೆಂದು, ಶಿವಾಜಿನಗರದ ಅಂಗಡಿಗಳಿಗೆ ಬೋರ್ಡು ಬರೆದೇ ಬಾಳು ಸವೆಸಿ, ಫ್ಲೆಕ್ಸು ಬಂದ ಮೇಲೆ ಕೆಲಸವಿಲ್ಲದೆ ಕುಳಿತಿರುವ ಪರಿಚಯದ ಬಷೀರ್ ಸಾಹೇಬರ ಮನೆಗೆ ರಿಚರ್ಡ್ಸ್ ಟೌನಿನಿಂದ ದಿನವೂ ನಡೆದುಹೋಗತೊಡಗಿದೆ.

“ಸೀದಾ ಭಾಬಿ ಮುಖಕ್ಕೇ ಹೋಗ್ಬೇಡಿ ಸಾರ್,” ಎಂದರು ಅವರು. “ಮೊದ್ಲು ಹಳೇ ಕಾರ್ಟೂನ್ ನೋಡ್ಕೊಂಡು ಬರೀರಿ. ದುಂಡಗೆ ಒಂದ್ ತಲೆ, ದುಂಡಗೆ ಒಂದ್ ಹೊಟ್ಟೆ. ನಗು ಕಲಿಯೋಕೆ ಅವುಕ್ಕಿಂತ ಒಳ್ಳೆ ಉಸ್ತಾದ್ ಇಲ್ಲ.”

ಆರು ತಿಂಗಳು ಬರೆದೆ. ನನ್ನ ಮೊದಲ ಬೆಕ್ಕು ಹಲಸಿನಹಣ್ಣಿನಂತಿತ್ತು; ಎರಡನೆಯದು ಅದನ್ನು ತಿಂದು ಅಜೀರ್ಣವಾದಂತಿತ್ತು. ಕ್ರಮೇಣ ಗೆರೆ ನನ್ನ ಮಾತು ಕೇಳತೊಡಗಿ, ಬಾತುಕೋಳಿ ಬಾಯಿತುಂಬ ನಕ್ಕ ದಿನ, ಸರೋಜಳನ್ನು ಬರೆಯಲು ಕುಳಿತೆ. ಕಣ್ಣು ಬಂತು, ಕೆನ್ನೆಯ ಗುಳಿ ಬಂತು. ಬಾಯಿಯ ಬಳಿ ಪೆನ್ಸಿಲು ನಿಂತೇಬಿಟ್ಟಿತು.

ಅವಳು ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಮದುವೆಯಾದ ಹೊಸತರಲ್ಲಿ, ಹಲಸೂರು ಕೆರೆಯ ಬಳಿ ಕಡಲೆಕಾಯಿ ತಿನ್ನುತ್ತ ಅವಳು ಬಾಯ್ತೆರೆದು ನಕ್ಕಾಗ, “ಇದೊಂದು ಹಲ್ಲು ಕ್ಯೂ ಬಿಟ್ಟು ಬಂದ್ಬಿಟ್ಟಿದೆಯಲ್ಲೇ!” ಎಂದು ನಾನು ತಮಾಷೆ ಮಾಡಿದ್ದೆ. ಅಂದು ಮೇಲೆದ್ದ ಕೈ ಮೂವತ್ತೆಂಟು ವರ್ಷ ಇಳಿಯಲಿಲ್ಲ. ನಾನದನ್ನು ನಾಚಿಕೆಯೆಂದುಕೊಂಡು ಸಂಭ್ರಮಪಟ್ಟೆ. ಎಂಥ ಮೂರ್ಖ ನಾನು! ಬದುಕಿದ್ದಾಗ ಒಂದು ದಿನವೂ, ಕೈ ತೆಗೆಯೇ, ಚೆನ್ನಾಗಿ ಕಾಣ್ತೀಯ ಎನ್ನಲಿಲ್ಲವಲ್ಲ.

ಬೇರೆ ದಾರಿ ಕಾಣದೆ ಬಾಯಿಯ ಮೇಲೆ ಆ ಕೈಯನ್ನೇ ಬರೆದು ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಏನ್ ಸಾರ್, ನಮ್ ಭಾಬಿಗೆ ನಾಲ್ಕೇ ಬೆರಳಾ?”

ಎಣಿಸಿದೆ, ನಿಜ. ಆರು ತಿಂಗಳ ಅಭ್ಯಾಸಬಲ. “ಅಳಿಸಿ, ಸರಿ ಮಾಡ್ಕೊಳ್ಳಿ,” ಎಂದು ಅವರು ರಬ್ಬರು ಮುಂದೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಪೆನ್ಸಿಲು ಹೆರೆದುಕೊಂಡು, ಐದನೆಯ ಬೆರಳು ಇರಬೇಕಾಗಿದ್ದ ಆ ತೆರಪಿನಲ್ಲಿ, ಸಾಲು ಬಿಟ್ಟು ತುಸು ಮುಂದೆ ನಿಂತ ಆ ಒಂದು ಹಲ್ಲನ್ನು ಬರೆದೆ.