ಅಲವಿಯ ಸುರಿದ ಶೀಷೆ

ಬತೂಲ್ ಅರೆದ ಖುಮ್ರ ಎಂಬ ಸುಗಂಧದ ಲೇಪ ಹಚ್ಚಿಕೊಂಡ ಮದುಮಗಳು ಬೀದಿಯ ಆ ತುದಿಗೆ ಬಂದರೆ ಈ ತುದಿಯಲ್ಲಿ ಚಹಾ ಮಾರುವವಳು ತಲೆಯೆತ್ತಿ ನೋಡುತ್ತಿದ್ದಳು. ನಮ್ಮ ಓಮ್ದುರ್ಮಾನ್ ಪಟ್ಟಣದಲ್ಲಿ ಮದುವೆಯ ಸುದ್ದಿ ಮೊದಲು ಮೂಗಿಗೆ ತಿಳಿಯಬೇಕು, ಆಮೇಲೆ ಕಿವಿಗೆ. ಗಂಡ ಟ್ಯಾಕ್ಸಿ ಓಡಿಸಿ ಓಡಿಸಿ ಬೆನ್ನು ಹಿಡಿದು ಹಗ್ಗದ ಮಂಚಕ್ಕೆ ಬಿದ್ದ ಮೇಲೆ ಬತೂಲಳ ಮನೆ ನಡೆದದ್ದು ಆ ಸುಗಂಧದ ಒನಕೆಯಿಂದಲೇ. ಒಳ್ಳೆಯವನೇ ಆತ, ಆದರೆ ಬಾಯಿ ಮಾತ್ರ ಮಲಗುತ್ತಿರಲಿಲ್ಲ. ಇರಲಿ, ಅವನ ಕಥೆ ಬೇರೆ.

ನೆರೆಯ ಹುಡುಗಿ ರಿಹಾಬಳ ಮದುವೆಗೆ ಎಂಟು ದಿನವಿರುವಾಗ ಅವಳ ಮನೆಯ ಅಂಗಳದಲ್ಲಿ ಸುಗಂಧ ಕುಟ್ಟಲು ಹೆಂಗಸರೆಲ್ಲ ಸೇರಿದರು. ಶ್ರೀಗಂಧ, ಲವಂಗ, ಕಸ್ತೂರಿ ಎಲ್ಲ ಕುಟ್ಟಿ, ಹೊಗೆ ಹಿಡಿಸಿ ಜಾಡಿಗೆ ತುಂಬಿದ್ದಾಯಿತು. ಆಮೇಲೆ ಹಿರಿಯರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಸೆಂಟಿನ ಶೀಷೆಯಿಂದ ನಾಲ್ಕು ಹನಿ ಸುರಿದು, ನಾಲಿಗೆ ಆಡಿಸಿ ಹರ್ಷದ ಕೂಗು ಹಾಕಬೇಕು. ಸುರಿಯಲು ಬಂದವರನ್ನು ಬೇಡ ಎನ್ನುವಂತಿಲ್ಲ. ಹಾಗೆಂದರೆ ಮದುಮಗಳಿಗೆ ಕೇಡು ಬಯಸಿದಂತೆ. ಆದರೂ ಇದುವರೆಗೆ ತೊಂದರೆಯಾಗಿರಲಿಲ್ಲ. ಎಲ್ಲರೂ ತರುತ್ತಿದ್ದುದು ಅದೇ ಹಳೆಯ ಪ್ಯಾರಿಸ್ ಶೀಷೆಗಳನ್ನು; ಅವು ಗಂಧದ ಜೊತೆ ಹೇಗೆ ಕೂಡುತ್ತವೆಂದು ಬತೂಲಳ ಕೈಗೆ ಗೊತ್ತಿತ್ತು.

ಆ ಸಲ ರಿಹಾಬಳ ಸೋದರತ್ತೆ ಅಲವಿಯ ಜಿದ್ದಾದಿಂದ ಬಂದಿದ್ದಳು. ಕೈಯಲ್ಲಿ ಉದ್ದನೆಯ ನೀಲಿ ಶೀಷೆ.

"ಹೋದ ತಿಂಗಳು ಅಂಗಡಿಗೆ ಬಂದಿದ್ದು ಕಣ್ರೇ! ಟೀವಿ ಹಾಕಿದ್ರೆ ಇದೇ. ಕ್ಯೂ ನಿಂತು ತಂದೀನಿ."

ಬತೂಲ್ ಮುಚ್ಚಳ ಮೂಸಿದಳು. ನಿಂಬೆ, ನೀರು, ಮತ್ತೇನೋ ತೆಳ್ಳಗಿನದು.

"ಒಂದೇ ಹನಿ ಸಾಕು ಅಲವಿಯಾ, ತಾಯಿ."

"ಯಾಕೆ, ನನ್ನ ಶೀಷೆ ಕಂಡ್ರೆ ಮೂಗು ಮುರೀತೀಯಾ? ನಾನೇನು ಬಡವೀನಾ ಒಂದು ಹನಿ ಹಾಕೋಕೆ?" ಎಂದವಳೇ ಅರ್ಧ ಶೀಷೆ ಬಗ್ಗಿಸಿಬಿಟ್ಟಳು. ಹೆಂಗಸರು ಕೂಗು ಹಾಕಿದರು. ಬತೂಲ್ ಕೂಡ ಹಾಕಿದಳು, ಕಣ್ಣು ಮುಚ್ಚಿಕೊಂಡೇ.

ಜಾಡಿಯ ಬಾಯಿಗೆ ಬಟ್ಟೆ ಬಿಗಿದು ತನ್ನ ಮನೆಗೆ ತಂದಳು. ಏಳು ದಿನ ತೆರೆಯಬಾರದು. ನಾಲ್ಕನೇ ದಿನಕ್ಕೆ ತಡೆಯಲಾರದೆ ತೆರೆದಳು. ಕಿಸ್ರ ರೊಟ್ಟಿಗೆ ಕಲಸಿಟ್ಟ ಹಿಟ್ಟು ಹುಳಿ ಬಂದು, ಅದರ ಮೇಲೆ ನಿಂಬೆ ಸಿಪ್ಪೆ ಉಜ್ಜಿದ ಹಾಗೆ ವಾಸನೆ!

"ಏನೇ ಅದು, ಬೆಕ್ಕು ಸತ್ತಿದ್ಯಾ?" ಎಂದ ಮಂಚದಿಂದ ಗಂಡ.

"ನೀನು ಸುಮ್ನಿರು ಮಾರಾಯ!"

ಮತ್ತೆ ಕೆಂಡ ಮಾಡಿ ಹೊಗೆ ಕೊಟ್ಟಳು. ಹುಳಿ ಅಡಗಲಿಲ್ಲ, ಹೊಗೆಯ ಕೆಳಗೆ ಅವಿತುಕೊಂಡು ಇಣುಕುತ್ತಿತ್ತು. ಗುಟ್ಟಾಗಿ ಬೇರೆ ಖುಮ್ರ ಅರೆದುಬಿಡಲೇ? ಅರೆಯಬಹುದಿತ್ತು. ಆದರೆ ಅಷ್ಟು ಹೆಂಗಸರ ಹರಕೆ ಬಿದ್ದದ್ದು ಈ ಜಾಡಿಯಲ್ಲಿ. ಅದನ್ನು ಬದಲಿಸಿ ಆ ಹುಡುಗಿಗೆ ನಾಳೆ ಏನಾದರೂ ಆದರೆ? ಇದನ್ನೇ ಕೊಟ್ಟು, ಮೊದಲ ರಾತ್ರಿಯೇ ಮದುಮಗ ಮುಖ ತಿರುಗಿಸಿದರೆ? ಬತೂಲಳನ್ನು ಇನ್ನು ಯಾವ ಅಂಗಳಕ್ಕೆ ಕರೆದಾರು? ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದಳು. ಗಂಡ ಅದನ್ನು ಕುಡಿದು ಏನೂ ಅನ್ನಲಿಲ್ಲವೆಂದರೆ ಅವಳ ಮುಖ ಹೇಗಿದ್ದಿರಬೇಕು, ನೀವೇ ನೋಡಿ.

ಆರನೇ ದಿನ ಬೆಳಿಗ್ಗೆ ಜಾಡಿ ಸೆರಗಿನಲ್ಲಿ ಮುಚ್ಚಿಕೊಂಡು ರಿಹಾಬಳ ಮುಂದೆ ಹೋಗಿ ಕೂತಳು. ಹುಡುಗಿ ಮದುಮಗಳ ಪದ್ಧತಿಯಂತೆ ತಿಂಗಳಿಂದ ಕೋಣೆಯಲ್ಲೇ ಕೂತು ಮೈಗೆ ತಲ್ಹ ಕಟ್ಟಿಗೆಯ ಹೊಗೆ ಹಿಡಿಸಿಕೊಂಡು ಜೇನಿನ ಬಣ್ಣಕ್ಕೆ ತಿರುಗಿದ್ದಳು.

"ಮಗಳೇ, ಕೆಟ್ಟುಹೋಗಿದೆ. ನಿಮ್ಮತ್ತೆ ಸುರೀವಾಗ ನಾನು ಕೈ ಹಿಡೀಬೇಕಿತ್ತು, ಹಿಡೀಲಿಲ್ಲ. ಬೈದುಬಿಡು."

ರಿಹಾಬ್ ಮೂಸಿ ಮುಖ ಕಿವುಚಿದಳು. ಆಮೇಲೆ ನಕ್ಕು, ಬೆರಳಲ್ಲಿ ತೆಗೆದು ಕತ್ತಿಗೆ ಬಳಿದುಕೊಂಡಳು. "ಖುಮ್ರ ಹಚ್ಚೋದು ಜಾಡಿಗಲ್ವಲ್ಲ ಖಾಲಾ. ಮೈಗೆ. ಕೂತ್ಕೋ, ನೋಡೋಣ."

ಕೂತರು. ಬತೂಲ್ ಮೂರು ಲೋಟ ಚಹಾ ಕುಡಿದಳು. ಮದುಮಗಳ ಅಜ್ಜಿ ಬಂದಳು, ಮೂಸಿದಳು, "ಇದೇನೇ, ಮಳೆ ಬಿದ್ದ ಹಾಗೆ?" ಎಂದು ಹೋದಳು. ಹೊಗಳಿದಳೋ ತೆಗಳಿದಳೋ ತಿಳಿಯದೆ ಬತೂಲ್ ಬೆವೆತಳು. ಗಂಟೆ ಕಳೆದ ಮೇಲೆ ಹುಡುಗಿಯ ಕತ್ತಿನ ಬಳಿ ಬಗ್ಗಿ ಮೂಸಿದಳು. ತಿಂಗಳಿಡೀ ಹಿಡಿಸಿದ್ದ ಹೊಗೆ ಆ ಹುಳಿಯನ್ನು ನುಂಗಿಬಿಟ್ಟಿತ್ತು. ಕೆಳಗೆ ಹಳೆಯ ಗಂಧ, ಮೇಲೆ ತಣ್ಣನೆಯದೊಂದು ಎಳೆ.

"ನಂಗಿದೇ ಬೇಕು," ಎಂದಳು ರಿಹಾಬ್.

"ನಿನ್ನ ಗಂಡ ಕೆಮ್ಮಿದ್ರೆ?"

"ಕೆಮ್ಲಿ ಬಿಡು. ಸಿಗರೇಟಿಗೆ ಕೆಮ್ಮಲ್ವಾ?"

ಮದುವೆಯಲ್ಲಿ ಬತೂಲ್ ನೀರಿನ ಗಡಿಗೆಗಳ ಪಕ್ಕ ಕೂತು, ಮದುಮಗಳಿಗೆ ಮುತ್ತಿಡಲು ಬಗ್ಗಿದವರ ಮೂಗನ್ನೇ ಒಂದೊಂದಾಗಿ ನೋಡುತ್ತಿದ್ದಳು. ಯಾರೂ ಮುಖ ಸಿಂಡರಿಸಲಿಲ್ಲ. ಅಲವಿಯ ಮಾತ್ರ ಎಲ್ಲರಿಗೂ ಶೀಷೆಯ ಹೆಸರು ಹೇಳುತ್ತಾ ಓಡಾಡಿದಳು. ಊಟವಾಗುವಷ್ಟರಲ್ಲಿ ಇಬ್ಬರು ತಾಯಂದಿರು ಬಂದು ಬತೂಲಳ ಕೈ ಹಿಡಿದರು.

"ನಮ್ಮ ಹುಡುಗಿಗೂ ಇದೇ ಆಗ್ಬೇಕು ಬತೂಲ್. ಅಚ್ಚು ಇದೇ."

"ಆಗ್ಲಿ, ಅದಕ್ಕೇನು," ಎಂದಳು. ಹಗುರಾಗಿ ಮನೆಯ ಕಡೆ ನಡೆದಳು. ತಿರುವಿನ ಹತ್ತಿರ ಬಂದಾಗ ಕಾಲು ನಿಂತಿತು: ಆ ಅಲವಿಯ ಅವತ್ತು ಸುರಿದದ್ದು ಎಷ್ಟು? ನಿಜಕ್ಕೂ ಅರ್ಧ ಶೀಷೆಯೇ, ಇನ್ನೂ ಹೆಚ್ಚೇ? ಭಯದಲ್ಲಿ ಬತೂಲ್ ಕಣ್ಣು ಮುಚ್ಚಿಕೊಂಡಿದ್ದಳು. ಅಲವಿಯಳನ್ನೇ ಕೇಳಬೇಕು, ಅವಳು ಜಿದ್ದಾದ ವಿಮಾನ ಹತ್ತುವ ಮೊದಲೇ. ಬತೂಲ್ ಚಪ್ಪಲಿ ಬಿಗಿ ಮಾಡಿಕೊಂಡು ಬಂದ ದಾರಿಯಲ್ಲೇ ಓಡತೊಡಗಿದಳು.